ಸೂಜಿಯಕ್ಕನ ನಾಲ್ಕು ಚಕ್ರ

ಬೆಟ್ಟದ ದಾರಿಯಲ್ಲಿ ಮೂರನೇ ಸಲ ಸ್ಕೂಟರಿನಿಂದ ಬಿದ್ದಾಗ ಸೂಜಿಯಕ್ಕನ ಬಲಗೈ ಮಣಿಕಟ್ಟು ಮುರಿಯಿತು. ಬಿದ್ದವಳು ಮೊದಲು ನೋಡಿದ್ದು ಕೈಯನ್ನಲ್ಲ, ಲಸಿಕೆಯ ಪೆಟ್ಟಿಗೆಯನ್ನು. ಐಸ್ ತುಂಬಿದ ಆ ನೀಲಿ ಪೆಟ್ಟಿಗೆ ಮುಚ್ಚಳ ಬಿಚ್ಚದೆ ಉರುಳಿ ಹೋಗಿ ಪೊದೆಯೊಂದಕ್ಕೆ ಆತುಕೊಂಡು ನಿಂತಿತ್ತು. ಅವಳು ಎಡಗೈಯಲ್ಲಿ ಅದನ್ನೆತ್ತಿಕೊಂಡು ಮೇಲಿನ ಎರಡು ಮನೆಗಳಿಗೆ ನಡೆದೇ ಹೋಗಿ, ಎಡಗೈಯಲ್ಲೇ ಒಂಬತ್ತು ದನಗಳಿಗೆ ಚುಚ್ಚಿ, ಆಮೇಲೆ ಬೆಟ್ಟ ಇಳಿದು ಬಂದು ಮೂಳೆ ವೈದ್ಯರ ಮುಂದೆ ಕೈ ಚಾಚಿದಳು.

ಪಟ್ಟಣದ ಪಶು ಆಸ್ಪತ್ರೆಯಲ್ಲಿ ಅವಳು ಇಪ್ಪತ್ತಮೂರು ವರ್ಷಗಳಿಂದ ಸಹಾಯಕಿ. ಬೆಟ್ಟದ ಮೇಲೆ ಹುಲ್ಲುಗಾವಲುಗಳ ನಡುವೆ ಚದುರಿಕೊಂಡಿರುವ ಹದಿನಾಲ್ಕು ಮನೆಗಳ ದನ, ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು ಅವಳ ಪಾಲಿನ ಕೆಲಸ. ಒದೆಯುವ ಹಸುವಿನ ಮಗ್ಗುಲಿಗೆ ಹೋಗಿ, ಅದರ ಬೆನ್ನಿಗೆರಡು ತಟ್ಟಿ, ಅದು ಕತ್ತು ತಿರುಗಿಸುವಷ್ಟರಲ್ಲಿ ಸೂಜಿ ಹಾಕಿ ಹೊರಗೆ ಬಂದಿರುತ್ತಿದ್ದಳು. ಹಾಗಾಗಿ ಸೂಜಿಯಕ್ಕ. ಅವಳ ಮಾತೂ ಹಾಗೆಯೇ ನೆಟ್ಟಗೆ ಹೋಗಿ ಚುಚ್ಚುತ್ತಿತ್ತೆಂದು ಅವಳ ಗಂಡ ಹೇಳುತ್ತಿದ್ದ. ಗಂಡ ಟೈಲರ್. ಸೂಜಿಯ ವಿಚಾರದಲ್ಲಿ ಅವನ ಮಾತನ್ನು ಯಾರೂ ತೆಗೆದುಹಾಕುವಂತಿರಲಿಲ್ಲ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನ ಪಶು ಡಾಕ್ಟರ್ ಅವಳನ್ನು ಕರೆದರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯವರು, ಕಾಗದಕ್ಕೆ ಹೆದರುವವರು.

"ಅಕ್ಕಾ, ಇನ್ಮೇಲೆ ನೀವು ಸ್ಕೂಟರ್ ಹತ್ತಬಾರದು. ಮೇಲಿನ ಕಚೇರಿಯವರು ನಿಮಗೆ ಎಟಿವಿ ಕೊಡೋಕೆ ಒಪ್ಪಿದ್ದಾರೆ. ದಪ್ಪ ಟೈರು, ನಾಲ್ಕು ಚಕ್ರ, ಕಲ್ಲು ಕೊರಕಲು ಎಲ್ಲಾ ಹತ್ತುತ್ತೆ. ಈ ಅರ್ಜಿ ತುಂಬಿ ಕೊಡಿ ಸಾಕು."

ಅರ್ಜಿಯಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು. ಹತ್ತನ್ನು ಅವಳು ಅಲ್ಲೇ ಎಡಗೈಯಲ್ಲಿ ಗೀಚಿ ತುಂಬಿದಳು. ಮುಂದಿನದಕ್ಕೆ ಬಂದು ನಿಂತಳು. 'ಇಂಜಿನ್ ಬಗೆ: ಕಾರ್ಬೊರೇಟರ್ / ಫ್ಯುಯೆಲ್ ಇಂಜೆಕ್ಷನ್. ಒಂದಕ್ಕೆ ಗುರುತು ಹಾಕಿ.'

"ಇದೇನ್ ಡಾಕ್ಟ್ರೇ?"

"ಯಾವುದಾದ್ರೂ ಒಂದಕ್ಕೆ ಟಿಕ್ ಹಾಕಿ ಅಕ್ಕಾ."

"ಯಾವುದಾದ್ರೂ ಒಂದು ಅನ್ನೋದಾದ್ರೆ ಯಾಕೆ ಕೇಳ್ತಾರೆ?"

ಪಕ್ಕದಲ್ಲಿ ಕಡತ ಜೋಡಿಸುತ್ತಿದ್ದ ಗುಮಾಸ್ತ ನಗುತ್ತಾ, "ಇಂಜೆಕ್ಷನ್ ಕೊಡೋರಿಗೆ ಇಂಜೆಕ್ಷನ್ ಗಾಡೀನೇ ಸರಿ ಬಿಡಿ" ಎಂದ. ಈ ನಗೆಚಾಟಿಕೆಯನ್ನು ಮುಂದಿನ ಆರು ವಾರಗಳಲ್ಲಿ ಅವಳು ಇಪ್ಪತ್ತು ಬಾಯಿಗಳಿಂದಾದರೂ ಕೇಳಬೇಕಾಯಿತು. ಹೇಳಿದ ಪ್ರತಿಯೊಬ್ಬರೂ ಅದು ತಮಗೇ ಮೊದಲು ಹೊಳೆದದ್ದೆಂಬಂತೆ ಹೇಳುತ್ತಿದ್ದರು.

ಯಾವುದಕ್ಕೆ ಗುರುತು ಹಾಕಬೇಕೆಂದು ತಿಳಿಯಲು ಮೊದಲು ಅವಳು ಗಾಡಿ ಮಾರುವ ಅಂಗಡಿಗೆ ಹೋದಳು. ಕೈಗೆ ಪ್ಲಾಸ್ಟರ್ ಇದ್ದುದರಿಂದ ಗಂಡನನ್ನೂ ಕರೆದುಕೊಂಡು ಹೋದಳು. ಅದೇ ತಪ್ಪಾಯಿತು. ಗಾಜಿನ ಗೋಡೆಯ ಆ ದೊಡ್ಡ ಅಂಗಡಿಯಲ್ಲಿ ಎರಡು ಎಟಿವಿಗಳು ಥಳಥಳ ಹೊಳೆಯುತ್ತ ನಿಂತಿದ್ದವು, ಒಂದು ಕೆಂಪು, ಒಂದು ಹಸಿರು. ಮಾರಾಟದವನು ನೇರವಾಗಿ ಗಂಡನ ಬಳಿ ಬಂದು ಕೈ ಕುಲುಕಿದ.

"ಬನ್ನಿ ಸಾರ್, ಕೂತು ನೋಡಿ ಸಾರ್."

"ಓಡಿಸೋದು ಇವಳು" ಎಂದ ಗಂಡ. "ನಾನು ಟೈಲರ್. ಬೇಕಾದ್ರೆ ಸೀಟಿನ ಹೊಲಿಗೆ ನೋಡಿ ಹೇಳ್ತೀನಿ."

ಅವಳು ಕೇಳಿದಳು. ತನ್ನ ದಾರಿ ಹದಿನಾಲ್ಕು ಕಿಲೋಮೀಟರ್, ಪೂರ್ತಿ ಏರು, ಮೇಲೆ ಹೋದಂತೆ ಚಳಿ ಹೆಚ್ಚು, ಗಾಳಿ ತೆಳು, ಎರಡು ಕಡೆ ಮನೆಯ ಮೆಟ್ಟಿಲಿಗಿಂತ ಕಡಿದಾದ ತಿರುವುಗಳಿವೆ, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯಬೇಕು, ಮಧ್ಯದಲ್ಲಿ ಗಾಡಿ ನಿಂತರೆ ಐಸ್ ಕರಗಿ ಲಸಿಕೆ ಹಾಳಾಗುತ್ತದೆ. ಹಾಗಾದರೆ ಯಾವ ಇಂಜಿನ್?

"ಎರಡೂ ಬಹಳ ಚೆನ್ನಾಗಿದೆ ಸಾರ್" ಎಂದು ಮಾರಾಟದವನು ಗಂಡನಿಗೆ ಹೇಳಿದ.

"ನಾನಿಲ್ಲಿದ್ದೀನಿ" ಎಂದಳು ಸೂಜಿಯಕ್ಕ.

"ಎರಡೂ ಚೆನ್ನಾಗಿದೆ ಮೇಡಂ. ಕೆಂಪು ಬಣ್ಣದ್ದು ಹೆಂಗಸರಿಗೆ ಇಷ್ಟ ಆಗುತ್ತೆ."

ಒಂದನ್ನು ಬೆಟ್ಟಕ್ಕೆ ಓಡಿಸಿಕೊಂಡು ಹೋಗಿ ನೋಡಬಹುದೇ ಎಂದು ಕೇಳಿದರೆ, ಅಂಗಡಿಯ ಹಿಂದಿನ ಸಿಮೆಂಟು ಅಂಗಳದಲ್ಲಿ ಎರಡು ಸುತ್ತು ಹೊಡೆಯಬಹುದು ಎಂದ. ಹೊರಗೆ ಬಂದಾಗ ಅವಳ ಕೈಯಲ್ಲಿ ಎರಡು ಬಣ್ಣದ ಕಾಗದಗಳಿದ್ದವು. ಎರಡರಲ್ಲೂ ಒಂದೇ ಹುಡುಗಿ ಒಂದೇ ನಗೆ ನಗುತ್ತ ಗಾಡಿಯ ಮೇಲೆ ಕೂತಿದ್ದಳು.

ಇನ್ನು ಉಳಿದವನು ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅವಳಿಗೆ ಹದಿನೇಳು. ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು, ಶಾಲೆ ಬಿಟ್ಟಾಗ ಬೆನ್ನಿಗೆರಡು ಬಿಟ್ಟವಳು, ಕೊನೆಗೆ ಗ್ಯಾರೇಜಿಗೆ ಕೆಲಸಕ್ಕೆ ಸೇರಿಸಿದವಳು ಅವಳೇ. ಈಗ ಅವನದೇ ಗ್ಯಾರೇಜಿತ್ತು, ಬಸ್ ನಿಲ್ದಾಣದ ಹಿಂದೆ, ಗ್ರೀಸಿನಿಂದ ಕಪ್ಪಾದ ನೆಲ, ಗೋಡೆಯ ಮೇಲೆ ಅಳತೆಯ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು. ಅಕ್ಕ ಕೇಳಿದ್ದೇ ತಡ, ಅವನು ಬೆಂಚಿನ ಮೇಲೆ ಬಟ್ಟೆ ಹಾಸಿ, ಒಂದು ಕಾರ್ಬೊರೇಟರನ್ನು ಬಿಚ್ಚಿ ಹರವಿದ. ಅವನಿಗೆ ಅದರ ಮೇಲಿದ್ದ ಪ್ರೀತಿ ಹೆತ್ತವರಿಗೆ ಮಗುವಿನ ಮೇಲಿರುವಂಥದ್ದು.

"ನೋಡು. ಇದು ಬಟ್ಟಲು, ಇದರಲ್ಲಿ ಪೆಟ್ರೋಲ್ ನಿಲ್ಲುತ್ತೆ. ಇದು ತೇಲೋ ಬುರುಡೆ, ಬಟ್ಟಲು ತುಂಬಿದ್ರೆ ಬಾಗಿಲು ಹಾಕುತ್ತೆ. ಈ ಸಣ್ಣ ತೂತಿನ ಹಿತ್ತಾಳೆ ತುಂಡು ಜೆಟ್ಟು. ಗಾಳಿ ಮೇಲೆ ಹಾದುಹೋಗುವಾಗ ಇದರಿಂದ ಪೆಟ್ರೋಲ್ ಎಳಕೊಂಡು ಹೋಗುತ್ತೆ. ಅಷ್ಟೇ ಕಣೇ. ಕಸ ಸಿಕ್ಕಿದ್ರೆ ಬಿಚ್ಚು, ಊದು, ಹಾಕು. ದಾರೀಲಿ ಕೂತು ನೀನೇ ಮಾಡ್ಕೋಬಹುದು."

"ಇಂಜೆಕ್ಷನ್ನು?"

"ಅದರಲ್ಲಿ ಬಟ್ಟಲೂ ಇಲ್ಲ ಬುರುಡೆಯೂ ಇಲ್ಲ. ಪಂಪು ಪೆಟ್ರೋಲನ್ನ ನೂಕುತ್ತೆ, ಕಂಪ್ಯೂಟ್ರು ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುತ್ತೆ. ಬ್ಯಾಟರಿ ಸತ್ರೆ ಗಾಡಿ ಸತ್ತ ಹಾಗೆ. ಕೆಟ್ರೆ ಲ್ಯಾಪ್‌ಟಾಪ್ ಬೇಕು. ನಿನ್ನ ಬೆಟ್ಟಕ್ಕೆ ಲ್ಯಾಪ್‌ಟಾಪನ್ನ ಯಾವ ಕುರಿ ಹೊತ್ಕೊಂಡು ಬರುತ್ತೆ?"

ಅವಳಿಗೂ ನಗು ಬಂತು. ಆದರೂ ಕೇಳಿದಳು: "ಮೇಲೆ ಗಾಳಿ ತೆಳು ಅಲ್ವೇನೋ. ಗಾಳಿ ಕಮ್ಮಿ ಆದ್ರೆ ಪೆಟ್ರೋಲ್ ಜಾಸ್ತಿ ಆಗಲ್ವಾ?"

"ಆಗುತ್ತೆ. ಸಣ್ಣ ತೂತಿನ ಜೆಟ್ ಹಾಕಿದ್ರಾಯ್ತು."

"ಕೆಳಗೆ ಬಂದಾಗ?"

"ಮತ್ತೆ ದೊಡ್ಡದು ಹಾಕಿದ್ರಾಯ್ತು."

"ನಾನು ಬೆಳಿಗ್ಗೆ ಹತ್ತಿ ಸಂಜೆ ಇಳೀತೀನಲ್ಲೋ. ದಿನಾ ಎರಡು ಸಲ ಜೆಟ್ ಬದಲಾಯಿಸ್ತಾ ಕೂತಿರ್ಲಾ?"

"ನಿನ್ನದು ಬರೀ ಕೊಂಕು" ಎಂದು ತಮ್ಮ ಮುಖ ಸಣ್ಣ ಮಾಡಿಕೊಂಡ. "ನಾನಿಲ್ವಾ? ಏನಾದ್ರೂ ಆದ್ರೆ ನಾನ್ ನೋಡ್ಕೋತೀನಿ."

'ನಾನಿಲ್ವಾ' ಎಂಬ ಆ ಒಂದು ಮಾತಿಗೆ ಅವಳು ಕರಗಿದಳು. ಏಳು ವರ್ಷದವನನ್ನು ಕೈ ಹಿಡಿದು ನಡೆಸಿದವಳಿಗೆ ಅವನು ಹಾಗೆ ಹೇಳಿದ್ದು ಮೊದಲ ಸಲ. ಮನೆಗೆ ಬಂದು ಕಾರ್ಬೊರೇಟರಿನ ಮುಂದೆ ಗುರುತು ಹಾಕಿದಳು. ತಾನು ಕೇಳಿದ ಪ್ರಶ್ನೆಗೆ ಉತ್ತರ ಬಂದಿಲ್ಲವೆಂದು ಆಗಲೇ ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ಹಾಕಿದಳು. ಮುಂದೆ ಬಹಳ ದಿನ ಅವಳು ಯಾರ ಮೇಲೆ ಸಿಟ್ಟಾದರೂ ಆ ಸಿಟ್ಟು ಸುತ್ತಿ ಬಂದು ಅವಳ ಮೇಲೆಯೇ ಬೀಳುತ್ತಿದ್ದುದು ಇದಕ್ಕಾಗಿ.

ಗಾಡಿ ಬಂತು, ಹಸಿರು ಬಣ್ಣದ್ದು. ಮಳೆಗಾಲದ ಕೊನೆ. ಮೊದಲ ಎರಡು ತಿಂಗಳು ಚೆನ್ನಾಗಿಯೇ ಓಡಿತು. ತಿರುವುಗಳಲ್ಲಿ ಒಂದಿಷ್ಟು ಉಬ್ಬಸ ಪಟ್ಟರೂ ಹತ್ತುತ್ತಿತ್ತು. ತಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಚಳಿ ಶುರುವಾದ ಮೇಲೆ ಕಾಟ ಶುರುವಾಯಿತು. ಬೆಳಿಗ್ಗೆ ಚೋಕ್ ಎಳೆದು ಗುಂಡಿ ಒತ್ತಿದರೆ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಚೋಕ್ ಸ್ವಲ್ಪ ಕಡಿಮೆ ಮಾಡಿದರೆ ಕೆಮ್ಮುವುದೂ ಇಲ್ಲ. ಹೆಚ್ಚಾದರೆ ಪೆಟ್ರೋಲ್ ತುಂಬಿಕೊಂಡು ಪ್ಲಗ್ ಒದ್ದೆಯಾಗಿ, ಅದನ್ನು ಬಿಚ್ಚಿ ಒರೆಸಿ ಒಣಗಿಸುವವರೆಗೆ ಕಾಯಬೇಕು. ಕಿಟಕಿಯಿಂದ ಗಂಡ ಕೇಳುತ್ತಿದ್ದ: "ಇವತ್ತು ಎದ್ದಿದ್ಯಾ ಮಹಾರಾಜ?" ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಂತು ಸಲಹೆ ಕೊಡುತ್ತಿದ್ದರು. ಜೀವಮಾನದಲ್ಲಿ ಸೈಕಲ್ಲನ್ನೂ ತುಳಿಯದ ಎದುರುಮನೆಯ ನಿವೃತ್ತ ಮೇಷ್ಟ್ರು ಕೂಡ, "ಸ್ವಲ್ಪ ಅಲ್ಲಾಡಿಸಿ ನೋಡಮ್ಮ" ಎನ್ನುತ್ತಿದ್ದರು.

ಹೇಗೋ ಹೊರಟರೆ ಬೆಟ್ಟದ ಮೇಲೆ ಇನ್ನೊಂದು ಪಾಡು. ಕಡಿದಾದ ತಿರುವಿನಲ್ಲಿ ಗಾಡಿ ಹಿಂದಕ್ಕೆ ವಾಲಿದಾಗ ಬಟ್ಟಲಿನ ಪೆಟ್ರೋಲೂ ವಾಲುತ್ತಿತ್ತು. ಒಂದೋ ಜೆಟ್ಟಿಗೆ ಸಿಗದೆ ಇಂಜಿನ್ ಉಪವಾಸ ಬೀಳುತ್ತಿತ್ತು, ಇಲ್ಲವೇ ಉಕ್ಕಿ ಕೆಳಗಿನ ಕೊಳವೆಯಿಂದ ಸೋರುತ್ತಿತ್ತು. ಅವಳ ಸೀರೆ, ಸ್ವೆಟರ್, ತಲೆಗೂದಲು ಎಲ್ಲವೂ ಪೆಟ್ರೋಲ್ ನಾರತೊಡಗಿದವು. ಆ ವಾಸನೆಗೆ ಹಸುಗಳು ದೂರ ಸರಿಯುತ್ತಿದ್ದವು. ಇಪ್ಪತ್ತಮೂರು ವರ್ಷ ಕೈಗೆ ಮೂಗು ತಂದು ತಾಗಿಸುತ್ತಿದ್ದ ಹಸುಗಳು! ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ತಮ್ಮ ಭಾನುವಾರ ಭಾನುವಾರ ಬಂದ. ಬಿಚ್ಚಿದ, ಊದಿದ, ಹಾಕಿದ. ಸಣ್ಣ ಜೆಟ್ ಹಾಕಿಕೊಟ್ಟಾಗ ಗಾಡಿ ಬೆಟ್ಟದ ಮೇಲೆ ಕುದುರೆಯಂತೆ ಓಡಿತು. ಕೆಳಗೆ ಬಂದರೆ ಇಂಜಿನ್ ಕಾದು ಕೆಂಡವಾಗಿ ಪಟಪಟ ಸಿಡಿಯಿತು. ದೊಡ್ಡದು ಹಾಕಿದರೆ ಕೆಳಗೆ ಸರಿ, ಮೇಲೆ ಕಪ್ಪು ಹೊಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ನಡುವಿನದು ಹಾಕಿದ ಮೇಲೆ ಎರಡು ಕಡೆಯೂ ಅರ್ಧಂಬರ್ಧ ಕೆಟ್ಟಿತು.

"ನೀನು ಚೋಕ್ ಎಳೆಯೋ ರೀತೀನೇ ಸರಿ ಇಲ್ಲ" ಎಂದ ಅವನು ಒಂದು ಭಾನುವಾರ.

"ದಿನಕ್ಕೆ ಅರವತ್ತು ಪ್ರಾಣಿಗಳಿಗೆ ಸೂಜಿ ಹಾಕ್ತೀನಿ. ಒಂದು ಗುಬುಟು ಎಳೆಯೋಕೆ ಬರಲ್ವಾ ನಂಗೆ?"

"ಪ್ರಾಣಿ ಬೇರೆ, ಮಷೀನ್ ಬೇರೆ."

"ಹೌದು ಕಣೋ. ಪ್ರಾಣಿ ಹೇಳಿದ್ರೆ ಕೇಳುತ್ತೆ."

ಚಳಿಯ ನಡುವಿನಲ್ಲಿ ಬೆಟ್ಟದ ಕುರಿಗಳಿಗೆ ರೋಗ ಬಂತು. ಮೂಗು ಬಾಯಿ ಸುರಿಸಿ, ಭೇದಿ ಹತ್ತಿ, ಐದಾರು ದಿನಗಳಲ್ಲಿ ಸಾಯಿಸುವಂಥದ್ದು. ಆಚೆ ಕಣಿವೆಯಲ್ಲಿ ಶುರುವಾಗಿದೆ ಎಂಬ ಸುದ್ದಿ ಬಂದ ದಿನವೇ ಡಾಕ್ಟರ್ ಓಡಾಡಿ ಎಂಬತ್ತು ಕುರಿಗಳಿಗಾಗುವಷ್ಟು ಲಸಿಕೆ ತರಿಸಿದರು. ತುತ್ತತುದಿಯ ಮನೆಯ ಒಡತಿಗೆ ಎಪ್ಪತ್ಮೂರು ಕುರಿಗಳಿದ್ದವು. ಗಂಡ ಸತ್ತ ಮೇಲೆ ಒಬ್ಬಳೇ ಅವನ್ನು ಸಾಕಿಕೊಂಡಿದ್ದ, ಮಾತು ಕಡಿಮೆಯ, ಕಡ್ಡಿಯಂಥ ಹೆಂಗಸು. ಸೂಜಿಯಕ್ಕ ಅವಳಿಗೆ ಫೋನ್ ಮಾಡಿದಳು.

"ನಾಳೆ ಒಂಬತ್ತು ಗಂಟೆಗೆ ಬರ್ತೀನಿ. ಒಂದನ್ನೂ ಹೊರಗೆ ಬಿಡಬೇಡ. ಎಲ್ಲಾ ದೊಡ್ಡೀಲಿರಲಿ."

ಮರುದಿನ ಬೆಳಿಗ್ಗೆ ಗಾಡಿ ಇಪ್ಪತ್ತು ನಿಮಿಷ ಸತಾಯಿಸಿ ಹೊರಟಿತು. ಒಂಬತ್ತು ಕಿಲೋಮೀಟರ್ ಹತ್ತಿತು. ಎರಡನೇ ಕಡಿದಾದ ತಿರುವಿನ ಮಧ್ಯದಲ್ಲಿ ಒಂದು ಸಲ ಬಿಕ್ಕಿ ನಿಂತಿತು. ಪೆಟ್ರೋಲ್ ತೊಟ್ಟಿಕ್ಕುವ ಸದ್ದು. ಅವಳು ಕಾದಳು. ಪ್ಲಗ್ ಬಿಚ್ಚಿ ಒರೆಸಿದಳು. ಗುಂಡಿ ಒತ್ತಿ ಒತ್ತಿ ಬ್ಯಾಟರಿ ಸೋತಿತು. ಇಂಜಿನ್ ಎಬ್ಬಿಸುವ ಹಗ್ಗ ಎಳೆದಳು. ಮುರಿದು ಕೂಡಿದ ಮಣಿಕಟ್ಟು ಪ್ರತಿ ಎಳೆತಕ್ಕೂ ಚುಳ್ಳೆನ್ನುತ್ತಿತ್ತು. ಮೂವತ್ತು ಸಲ ಎಳೆದಳೋ ನಲವತ್ತು ಸಲ ಎಳೆದಳೋ. ಕೊನೆಗೆ ಗಾಡಿಯ ದಪ್ಪ ಟೈರಿಗೆ ಕಾಲಿಂದ ಒದ್ದು, ಬಾಯಿಗೆ ಬಂದದ್ದೆಲ್ಲ ಬೈದು, ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ನಡೆಯತೊಡಗಿದಳು.

ಮೊದಲೇ ಒಂದು ಗಂಟೆ ಹೋಗಿತ್ತು, ಇನ್ನು ಐದು ಕಿಲೋಮೀಟರ್ ಏರು. ದಾರಿಯಲ್ಲಿ ಎರಡು ಸಲ ಜಾರಿದಳು. ಎರಡನೇ ಸಲ ಪೆಟ್ಟಿಗೆ ಕಲ್ಲಿಗೆ ಬಡಿದು ಮುಚ್ಚಳದ ಕೊಂಡಿ ಮುರಿಯಿತು. ಮುಚ್ಚಳ ಕೂರಲೇ ಇಲ್ಲ. ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಡೆದಳು. ಚಳಿಗಾಲವೆಂದರೂ ಹೊತ್ತೇರಿದಂತೆ ಬಯಲಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮೇಲೆ ತಲುಪಿದಾಗ ಪೆಟ್ಟಿಗೆಯೊಳಗೆ ಐಸ್ ಇರಲಿಲ್ಲ, ನೀರಿತ್ತು. ಥರ್ಮಾಮೀಟರ್ ಇಳಿಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು.

ಎಪ್ಪತ್ಮೂರು ಕುರಿಗಳು ದೊಡ್ಡಿಯಲ್ಲಿ ಒತ್ತೊತ್ತಾಗಿ ನಿಂತು ಹಸಿವಿನಿಂದ ಅರಚುತ್ತಿದ್ದವು. ಕುರಿಯವಳು ಮುಂಜಾನೆಯಿಂದ ಅವನ್ನು ಹೊರಗೆ ಬಿಟ್ಟಿರಲಿಲ್ಲ.

"ಹಾಕಲ್ವಾ?" ಎಂದಳು.

"ಕೆಟ್ಟಿದೆ. ಹಾಕಿದ್ರೂ ಹಾಕದೇ ಇದ್ರೂ ಒಂದೇ. ಹಾಕಿದ್ರೆ ನೀನು ಧೈರ್ಯವಾಗಿರ್ತೀಯ, ಅದು ಇನ್ನೂ ಕೆಟ್ಟದ್ದು."

ಕುರಿಯವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ದೊಡ್ಡಿಯ ಗೇಟು ತೆರೆದು, ಕುರಿಗಳು ಹೊರಗೆ ನುಗ್ಗಿ ಹೋಗುವುದನ್ನು ನೋಡುತ್ತ ನಿಂತಳು. "ನಾಳೆ?" ಎಂದು ಕೇಳಿದಳು.

ನಾಳೆ ಲಸಿಕೆ ಇರಲಿಲ್ಲ. ಮತ್ತೆ ತರಿಸಲು ಡಾಕ್ಟರು ಮೂರು ಕಡೆ ಕೇಳಿ, ಬರುವಷ್ಟರಲ್ಲಿ ಎಂಟು ದಿನವಾಯಿತು. ಅಷ್ಟರಲ್ಲಿ ಆ ದೊಡ್ಡಿಗೆ ರೋಗ ಹೊಕ್ಕಿತ್ತು. ಹದಿನೇಳು ಕುರಿಗಳು ಸತ್ತವು. ಹೂಳಲು ಗುಂಡಿ ತೆಗೆಯುವಾಗ ಸೂಜಿಯಕ್ಕನೂ ಗುದ್ದಲಿ ಹಿಡಿದಿದ್ದಳು.

ಇಳಿದು ಬಂದವಳು ಮನೆಗೆ ಹೋಗದೆ ಸೀದಾ ಗ್ಯಾರೇಜಿಗೆ ಹೋದಳು. ಮೈಯೆಲ್ಲ ಮಣ್ಣು.

"ಹದಿನೇಳು" ಎಂದಳು.

ತಮ್ಮ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ನನ್ನ ಕಾರ್ಬೊರೇಟರ್ ಕುರಿ ಸಾಯಿಸ್ತು ಅಂತೀಯಾ?"

"ನಿನ್ನ ಕಾರ್ಬೊರೇಟರ್ ಅಲ್ಲ. ನಾನು ಇಲ್ಲೇ ನಿಂತ್ಕೊಂಡು ಕೇಳಿದೆ, ಮೇಲೆ ಏನಾಗುತ್ತೆ, ಕೆಳಗೆ ಏನಾಗುತ್ತೆ ಅಂತ. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಕೊಂಕು ಅಂದೆ."

"ನಿಂಗೂ ಗೊತ್ತಿತ್ತಲ್ಲ! ಟಿಕ್ ಹಾಕಿದ್ದು ಯಾರು?"

ಅದು ನಿಜವಾದ್ದರಿಂದಲೇ ಅವಳಿಗೆ ತಡೆಯಲಾಗಲಿಲ್ಲ. ಗೋಡೆಯ ಸ್ಪ್ಯಾನರೊಂದನ್ನು ಕಿತ್ತು ನೆಲಕ್ಕೆ ಬಡಿದು ಹೊರಟಳು. ಅಕ್ಕತಮ್ಮ ಆಮೇಲೆ ಎರಡೂವರೆ ತಿಂಗಳು ಮಾತಾಡಲಿಲ್ಲ.

ಗಾಡಿ ಬದಲಾಯಿಸಿ ಕೊಡಿ ಎಂದು ಅವಳು ಮೇಲಿನ ಕಚೇರಿಗೆ ಬರೆದಳು. 'ಅರ್ಜಿಯಲ್ಲಿ ತಾವೇ ಆಯ್ಕೆ ಮಾಡಿರುತ್ತೀರಿ' ಎಂದು ಉತ್ತರ ಬಂತು. ಆಯ್ಕೆ ತಪ್ಪಾಯಿತು ಎಂದು ಬರೆದಳು. 'ಆಯ್ಕೆ ತಪ್ಪಾದಲ್ಲಿ ಬದಲಾವಣೆಗೆ ಅವಕಾಶವಿರುವುದಿಲ್ಲ. ಗಾಡಿ ಕೆಟ್ಟಲ್ಲಿ ದುರಸ್ತಿಗೆ ಅವಕಾಶವಿರುತ್ತದೆ' ಎಂದು ಬಂತು. ಗಾಡಿ ಕೆಟ್ಟಿಲ್ಲ, ನಮ್ಮ ಬೆಟ್ಟಕ್ಕೆ ಹೊಂದುವುದಿಲ್ಲ ಎಂದು ಬರೆದಳು. ಅದಕ್ಕೆ ಉತ್ತರವೇ ಬರಲಿಲ್ಲ. ಬಂಡೆಗೆ ತಲೆ ಚಚ್ಚಿಕೊಂಡರೆ ತಲೆಗೇ ನೋವು ಎಂದು ಗಂಡ ಹೇಳಿದ. "ಬಂಡೆಗೂ ಸ್ವಲ್ಪ ಗೊತ್ತಾಗ್ಲಿ" ಎಂದು ಅವಳು ನಾಲ್ಕನೆಯದನ್ನು ಬರೆದಳು.

ಕೊನೆಗೆ ದಾರಿ ಸಿಕ್ಕಿದ್ದು ಕಚೇರಿಯಿಂದಲ್ಲ. ಬಯಲುಸೀಮೆಯ ಇನ್ನೊಂದು ಪಶು ಆಸ್ಪತ್ರೆಯ ಸಹಾಯಕನಿಗೆ ಇಂಜೆಕ್ಷನ್ ಗಾಡಿಯೊಂದು ಬಂದಿತ್ತು. ಕಣ್ಣು ಹಾಯುವವರೆಗೂ ಸಮತಟ್ಟು ನೆಲ ಅವನದು. ಗಾಡಿಯ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿ ಆರಲೇ ಇಲ್ಲವಂತೆ. ಅದಕ್ಕೆ ಹೆದರಿ ಅವನು ಗಾಡಿಯನ್ನು ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಔಷಧಿ ತರಲು ಹೋದಾಗ ಈ ವಿಷಯ ಕೇಳಿದ ಸೂಜಿಯಕ್ಕ ಅಲ್ಲೇ ಅವನ ಕೈ ಹಿಡಿದು ಕೇಳಿದಳು.

"ಬದಲಾಯಿಸ್ಕೊಳ್ಳೋಣ್ವಾ?"

"ದೀಪ ಉರೀತಿದೆ ಅಕ್ಕಾ."

"ಉರೀಲಿ ಬಿಡು. ನನ್ನ ಹೊಟ್ಟೆ ಉರಿಯೋದಕ್ಕಿಂತ ಅದು ವಾಸಿ."

ಇಬ್ಬರು ಡಾಕ್ಟರೂ ಸಹಿ ಹಾಕಿದರು. ಕಚೇರಿಗೆ ತಿಳಿಸಿದ್ದು ಆಮೇಲೆ.

ಇಂಜೆಕ್ಷನ್ ಗಾಡಿ ಚಳಿಯ ಮುಂಜಾನೆ ಒಂದೇ ಒತ್ತಿಗೆ ಎದ್ದಿತು. ಅವಳಿಗೆ ನಂಬಿಕೆಯಾಗದೆ ಆರಿಸಿ ಮತ್ತೆ ಒತ್ತಿದಳು. ಮತ್ತೆ ಎದ್ದಿತು. ಕಡಿದಾದ ತಿರುವಿನಲ್ಲಿ ವಾಲಿದರೂ ಉಸಿರು ತಪ್ಪಲಿಲ್ಲ. ಮೇಲೆ ಹೋದಂತೆ ಬಲ ಸ್ವಲ್ಪ ಕುಗ್ಗಿತೇ ಹೊರತು ಕೆಮ್ಮಲಿಲ್ಲ, ಹೊಗೆಯಿಲ್ಲ, ಸೋರಲಿಲ್ಲ. ಒಂದು ಬಗೆಯಲ್ಲಿ ಇದು ಅವಳ ಸಿಟ್ಟನ್ನು ಹೆಚ್ಚಿಸಿತು. ಇಷ್ಟು ಸುಲಭವಿತ್ತೇ? ಇದನ್ನು ಹೇಳುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲವೇ?

ಆದರೆ ಹತ್ತೊಂಬತ್ತನೇ ದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಏನೂ ಇಲ್ಲ. ಕೆಮ್ಮಿಲ್ಲ, ಬಿಕ್ಕಿಲ್ಲ. ಹಳದಿ ದೀಪ ಮಾತ್ರ ಮಿಣುಕುತ್ತಿತ್ತು. ಊದಲು ಬಟ್ಟಲಿಲ್ಲ, ಬಿಚ್ಚಲು ಜೆಟ್ಟಿಲ್ಲ, ಎಳೆಯಲು ಹಗ್ಗವೂ ಇಲ್ಲ. ಕಂಪನಿಯ ದುರಸ್ತಿಯವನಿಗೆ ಫೋನ್ ಮಾಡಿದರೆ, ಆ ಕಡೆಗೆ ಬಂದಾಗ ಬರುತ್ತೇನೆ ಎಂದ. ಬಂದದ್ದು ಒಂಬತ್ತು ದಿನಗಳ ಮೇಲೆ. ಅಷ್ಟೂ ದಿನ ಅವಳು ನಡೆದಳು, ಹಾಲಿನ ವ್ಯಾನಿನಲ್ಲಿ ಅರ್ಧ ದಾರಿ ಹೋದಳು, ಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದಳು. ಗಂಡ ಪಾಪ, ಮಷೀನಿನ ಸದ್ದು ಜೋರು ಮಾಡಿಕೊಂಡು ಹೊಲಿಯುತ್ತಿದ್ದ.

ದುರಸ್ತಿಯವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ವೈರ್ ಚುಚ್ಚಿದ. ನೋಡಿದ. ಬ್ಯಾಟರಿಯ ತುದಿಗೆ ಬಂದಿದ್ದ ಬಿಳಿ ತುಕ್ಕನ್ನು ಕೆರೆದು ಬಿಗಿ ಮಾಡಿದ. ಪೆಟ್ರೋಲಿನ ಫಿಲ್ಟರ್ ತೆಗೆದು ಬೇರೆಯದು ಹಾಕಿದ. ಗಾಡಿ ಎದ್ದಿತು. ಒಟ್ಟು ಕಾಲು ಗಂಟೆಯ ಕೆಲಸ. ಒಂಬತ್ತು ದಿನ ಕಾದದ್ದು ಇದಕ್ಕೆ!

ಅವನು ಚೀಲ ಕಟ್ಟಿಕೊಳ್ಳುವಾಗ ಸೂಜಿಯಕ್ಕ ಗೇಟಿಗೆ ಅಡ್ಡ ನಿಂತಳು.

"ಈಗ ಮಾಡಿದ್ದನ್ನೆಲ್ಲಾ ನಂಗೆ ಹೇಳ್ಕೊಟ್ಟು ಹೋಗು."

"ಅದು ಕಂಪನಿ ಕೆಲಸ ಮೇಡಂ. ಹೇಳೋ ಹಾಗಿಲ್ಲ."

"ದೀಪ ಮಿಣುಕೋದಕ್ಕೆ ಏನೋ ಲೆಕ್ಕ ಇದೆ ಅಲ್ವಾ? ಸುಮ್ಸುಮ್ನೆ ಮಿಣುಕಲ್ಲ ಅದು."

ಅವನು ಗಡಿಯಾರ ನೋಡಿಕೊಂಡ. ಅವಳು ಕದಲಲಿಲ್ಲ. ಒದೆಯುವ ಹಸುವಿನ ಮುಂದೆ ನಿಲ್ಲುವವಳು ಲ್ಯಾಪ್‌ಟಾಪಿನವನಿಗೆ ಹೆದರುವಳೇ? ಕೊನೆಗೆ ಅವನು ಕೂತು ಹೇಳಿದ. ದೀಪ ಉದ್ದವಾಗಿ ಎಷ್ಟು ಸಲ, ಚಿಕ್ಕದಾಗಿ ಎಷ್ಟು ಸಲ ಮಿಣುಕಿದರೆ ಯಾವ ತೊಂದರೆ, ಫಿಲ್ಟರ್ ಎಲ್ಲಿದೆ, ಬೀಗದ ಕೈ ತಿರುಗಿಸಿದಾಗ ಪಂಪಿನ ಸದ್ದು ಕೇಳಿಸಬೇಕು, ಕೇಳಿಸದಿದ್ದರೆ ಮೊದಲು ಯಾವ ಫ್ಯೂಸ್ ನೋಡಬೇಕು. ಅವಳು ಲಸಿಕೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಂಡಳು. ಎದ್ದು ಹೋಗುವಾಗ ಅವನಿಗೇ ಆಶ್ಚರ್ಯವಾಗಿತ್ತು: "ಇಷ್ಟು ಯಾರೂ ಕೇಳಲ್ಲ ಮೇಡಂ."

"ಕೇಳ್ತಾರೆ" ಎಂದಳು ಅವಳು. "ಯಾರೂ ಹೇಳಲ್ಲ."

ಗಾಡಿ ನಿಂತಿದ್ದ ಸುದ್ದಿ ತಮ್ಮನಿಗೂ ಮುಟ್ಟಿತ್ತು. ಮುಂದಿನ ಭಾನುವಾರ ಬಂದ. ಮುಖದಲ್ಲಿ ಗೆದ್ದವನ ಕಳೆಯಿತ್ತು, ಹೆಜ್ಜೆಯಲ್ಲಿರಲಿಲ್ಲ. ಬಾಗಿಲಲ್ಲೇ ನಿಂತು, "ನಾನು ಹೇಳಿರ್ಲಿಲ್ವಾ?" ಎಂದ.

"ಹೇಳಿದ್ದೆ. ಆ ಅರ್ಧ ಸರಿಯಾಗೇ ಹೇಳಿದ್ದೆ. ಒಳಗೆ ಬಾ."

ಬಯಲಿನ ಸಹಾಯಕ ಅವಳಿಗೆ ಫೋನ್ ಮಾಡಿ, ಹಸಿರು ಗಾಡಿ ತನ್ನಲ್ಲಿ ಮುತ್ತಿನಂತೆ ಓಡುತ್ತಿದೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ಹೊಗಳಿದ್ದ. ಅದನ್ನು ಕೇಳುವಾಗ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಆದರೂ ತಮ್ಮನಿಗೆ ಹೇಳಿದಳು. ಅವನು ಹೊರಗೆ ಹೋಗಿ ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು, ಮುಟ್ಟದೆ, ಬಗ್ಗಿ ನೋಡಿದ. ಅವಳು ಬೀಗದ ಕೈ ತಿರುಗಿಸಿದಳು. ಪಂಪು ಗುಂಯ್ ಎಂದಿತು.

"ಸ್ಟಾರ್ಟ್ ಆಗೋಕೆ ಮುಂಚೇನೇ ಗೊಣಗುತ್ತಲ್ಲ ಇದು" ಎಂದ ತಮ್ಮ.

"ಗೊಣಗಿದ್ರೆ ಸರಿ ಇದೆ ಅಂತ. ಸುಮ್ಮನಿದ್ರೇನೇ ಕಷ್ಟ."

"ನಿಮ್ಮಕ್ಕನ ಹಾಗೆ ಅನ್ನು" ಎಂದು ಗಂಡ ಕಿಟಕಿಯಿಂದ ದಾರ ಕಡಿಯುತ್ತ ಹೇಳಿದ. ಭಾವನ ಮಾತಿಗೆ ತಮ್ಮ ನಕ್ಕ. ಅವಳು ನಗಲಿಲ್ಲ. ಕ್ಷಮೆ ಯಾರೂ ಕೇಳಲಿಲ್ಲ.

ಚಳಿ ಕಳೆದ ಮೇಲೆ ಕುರಿಗಳಿಗೆ ಮತ್ತೊಂದು ಲಸಿಕೆಯ ಸರದಿ ಬಂತು. ತುತ್ತತುದಿಯ ಮನೆಗೆ ಅವಳು ಹಿಂದಿನ ದಿನವೇ ಫೋನ್ ಮಾಡಿ ಒಂಬತ್ತಕ್ಕೆ ಬರುತ್ತೇನೆ ಎಂದಳು. ಆ ಕಡೆಯಿಂದ "ಹೂಂ" ಎಂದಷ್ಟೇ ಬಂತು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಅವಳು ದೊಡ್ಡಿಯ ಮುಂದಿದ್ದಳು.

ದೊಡ್ಡಿ ಖಾಲಿಯಾಗಿತ್ತು. ಗೇಟು ತೆರೆದಿತ್ತು. ಕುರಿಯವಳು ಮನೆಯ ಮುಂದೆ ಬಟ್ಟೆ ಒಗೆಯುತ್ತಿದ್ದಳು.

"ಕುರಿಗಳು?"

"ಮೇಯೋಕೆ ಬಿಟ್ಟೆ."

"ಬರ್ತೀನಿ ಅಂದಿದ್ನಲ್ಲ!"

"ಅಂದಿದ್ದೆ" ಎಂದಳು ಕುರಿಯವಳು, ತಲೆ ಎತ್ತದೆ. "ಅವತ್ತೂ ಅಂದಿದ್ದೆ. ಹಸಿದ ಕುರೀನ ಮಧ್ಯಾಹ್ನದ ತನಕ ಕೂಡಿ ಹಾಕಿದೆ."

ಸೂಜಿಯಕ್ಕನಿಗೆ ಬಯ್ಯಲು ಯಾರೂ ಇರಲಿಲ್ಲ. ಮಾರಾಟದವನಿಲ್ಲ, ಕಚೇರಿಯಿಲ್ಲ, ತಮ್ಮನಿಲ್ಲ. ಎದುರಿಗಿದ್ದವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ದೂರ ದೂರಕ್ಕೆ ಬಿಳಿ ಚುಕ್ಕೆಗಳು ಚೆಲ್ಲಿಕೊಂಡಿದ್ದವು. ಪೆಟ್ಟಿಗೆಯಲ್ಲಿ ಐಸ್ ಇನ್ನು ಮೂರು ಗಂಟೆ ತಡೆಯುತ್ತದೆ.

ಪೆಟ್ಟಿಗೆಯನ್ನು ಮನೆಯ ನೆರಳಿನಲ್ಲಿಟ್ಟು, ಅವಳು ಮತ್ತೆ ಗಾಡಿ ಹತ್ತಿದಳು. ಕುರಿ ಕೂಡಿಸುವುದು ಅವಳ ಕೆಲಸವಾಗಿರಲಿಲ್ಲ, ಬರುತ್ತಲೂ ಇರಲಿಲ್ಲ. ಎಡಕ್ಕೆ ಹೋಗಿ ಹತ್ತನ್ನು ತಿರುಗಿಸಿದರೆ ಬಲಕ್ಕೆ ಆರು ಓಡಿದವು. ಹಾರನ್ ಹೊಡೆದರೆ ಎಲ್ಲವೂ ಬೆದರಿ ಇನ್ನೂ ಮೇಲಕ್ಕೆ ಹತ್ತಿದವು. ಧೂಳು ನುಂಗುತ್ತ, ಬೈಯುತ್ತ, ಅವಳು ಕಲ್ಲಿನ ಮೇಲೆ, ಕೊರಕಲಿನೊಳಗೆ, ನೆಟ್ಟಗೆ ನಿಂತ ಗುಡ್ಡದ ಮೇಲೆ ಗಾಡಿ ಹತ್ತಿಸಿದಳು. ಅರ್ಧ ಗಂಟೆ ನೋಡಿದ ಮೇಲೆ ಕುರಿಯವಳು ಬಟ್ಟೆ ಬಿಟ್ಟು ಎದ್ದು ಬಂದಳು. ಗಾಡಿಯ ಹಿಂದೆ ಹತ್ತಿ ಕೂತು, ಅವಳ ಭುಜ ಹಿಡಿದುಕೊಂಡು, ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿದಳು. ಕುರಿಗಳು ತಲೆ ಎತ್ತಿದವು.

"ಕೆಳಗಿನಿಂದ ಸುತ್ತು" ಎಂದಳು. "ಮೇಲಿಂದ ಬಂದ್ರೆ ಚೆದುರುತ್ತವೆ."

ಐವತ್ತಾರೂ ಕುರಿಗಳು ದೊಡ್ಡಿ ಸೇರುವಾಗ ಹನ್ನೊಂದು ದಾಟಿತ್ತು. ಒಬ್ಬಳು ಹಿಡಿದಳು, ಒಬ್ಬಳು ಚುಚ್ಚಿದಳು. ಕೊನೆಯ ಕುರಿಗೆ ಹಾಕಿ ಮುಚ್ಚಳ ತೆರೆದಾಗ ಪೆಟ್ಟಿಗೆಯ ತಳದಲ್ಲಿ ಬೆರಳಿನಷ್ಟು ಐಸ್ ಉಳಿದಿತ್ತು. ಥರ್ಮಾಮೀಟರ್ ಸರಿಯಾಗಿಯೇ ತೋರಿಸಿತು. ಸೂಜಿಯಕ್ಕ ದೊಡ್ಡಿಯ ಗೋಡೆಗೊರಗಿ ಕೂತು ಮಣಿಕಟ್ಟು ನೀವಿಕೊಂಡಳು. ಕುರಿಯವಳು ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟಳು.

"ಮುಂದಿನದು ಯಾವಾಗ?"

"ಆರು ತಿಂಗಳಿಗೆ. ಕೂಡಿ ಹಾಕಿರ್ತೀಯಾ?"

ಕುರಿಯವಳು ಗೇಟು ತೆರೆದು ಕುರಿಗಳನ್ನು ಹೊರಗೆ ಬಿಟ್ಟಳು. "ನೀನು ಕೆಳಗಿನ ತಿರುವಿಗೆ ಬಂದಾಗ ಗಾಡಿ ಸದ್ದು ಕೇಳುತ್ತೆ" ಎಂದಳು. "ಕೇಳಿದ್ಮೇಲೆ ಕೂಡ್ತೀನಿ."